ಹತ್ತುವ ಲಾರಿಗೆ ದಾರಿ

ಲಾರಿಯ ಸದ್ದು ಕಿವಿಗೆ ಬಿದ್ದರೆ ಸಾಕು, ಹೂವಯ್ಯನ ಎಡಗೈ ತಾನಾಗಿಯೇ ಗೇರು ಹಾಕುತ್ತಿತ್ತು. ಹೊಸನಗರದ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ಕುಳಿತಿರಲಿ, ಮದುವೆ ಮನೆಯ ಪಂಕ್ತಿಯಲ್ಲಿ ಬಲಗೈಯಿಂದ ಅನ್ನ ಕಲಸುತ್ತಿರಲಿ, ರಸ್ತೆಯ ಏರಿನಲ್ಲಿ ಎಂಜಿನ್ನು ಏದುಸಿರು ಬಿಟ್ಟೊಡನೆ ಆ ಎಡಗೈ ಮುಷ್ಟಿ ಕಟ್ಟಿ, ಮೊಣಕಾಲಿನ ಪಕ್ಕದ ಬರಿಗಾಳಿಯಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಸರಿಯುತ್ತಿತ್ತು. ಪಕ್ಕದ ಎಲೆಯವರು ನಕ್ಕರೂ ಅವನಿಗೆ ಪರಿವೆ ಇರುತ್ತಿರಲಿಲ್ಲ. ಆಮೇಲೆ ಮೀಸೆಯಡಿಯಿಂದ ತೀರ್ಪೊಂದು ಹೊರಬೀಳುತ್ತಿತ್ತು: "ತಡ ಮಾಡ್ದ. ಸೆಕೆಂಡು ಆಗ್ಲೇ ಹಾಕ್ಬೇಕಿತ್ತು."

ತಡ ಮಾಡಿದವನು ಹೆಚ್ಚಾಗಿ ಕೆರಿಯಪ್ಪನೇ ಆಗಿರುತ್ತಿದ್ದ.

ಲಿಂಗನಮಕ್ಕಿ ಅಣೆಕಟ್ಟು ಮೇಲೇಳುತ್ತಿದ್ದ ಕಾಲದಲ್ಲಿ ಹೂವಯ್ಯ ಸಾಗರದ ಸಾಹುಕಾರರೊಬ್ಬರ ಲಾರಿಯಲ್ಲಿ ಮರಳು ಹೊಡೆಯುತ್ತಿದ್ದ. ಒಂದು ದಿನ ಲಾರಿ ಚರಂಡಿಗೆ ಮಗುಚಿ ಅವನ ಕಾಲು ಮುರಿಯಿತು. ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲವೆಂದು ಹೆಂಡತಿ ಜಲಜಮ್ಮ ಅವನಿಂದ ಆಣೆ ಹಾಕಿಸಿದಳು. ಅವನು ಬಿಟ್ಟ ಸೀಟಿನಲ್ಲಿ ಬಂದು ಕುಳಿತವನು ಕೆರಿಯಪ್ಪ. ಆ ಕೆರಿಯಪ್ಪನಿಗೆ ಕ್ಲಚ್ಚು ಬಿಡುವುದನ್ನು ಕಲಿಸಿದವನೂ ಹೂವಯ್ಯನೇ. ಗಿರಣಿಯಲ್ಲಿ ತೌಡಿನ ಧೂಳು ಕುಡಿಯುತ್ತ ಹೂವಯ್ಯ ದಿನ ದೂಡುತ್ತಿದ್ದರೆ, ಕೆರಿಯಪ್ಪನಿಗೆ ಹೊಸ ಡೀಸೆಲ್ ಲಾರಿ ಬಂತು, ಹಿತ್ತಾಳೆ ಗುಂಡಿಯ ಖಾಕಿ ಕೋಟು ಬಂತು, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೊದಲ ಚಹಾ ಅವನ ಮುಂದೆಯೇ ಬಂದು ಕೂರತೊಡಗಿತು. ಮುಚ್ಚುಮರೆ ಯಾಕೆ, ಹೂವಯ್ಯನಿಗೆ ಹೊಟ್ಟೆ ಉರಿಯಿತು. ಆ ಕೋಟು ಕಣ್ಣಿಗೆ ಬಿದ್ದ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಗೊಮ್ಮೆ "ನಾನು ಮತ್ತೆ ಲಾರಿ ಹತ್ತೋದೇ" ಎಂದ. ಜಲಜಮ್ಮ ಅವನ ಎಡಗೈಯನ್ನೇ ನೋಡಿದಳು. "ಹತ್ತಿ ಅತ್ಲಾಗೆ. ನಿದ್ದೇಲೂ ಅದನ್ನೇ ಹೊಡೀತೀರಿ, ನಂಗಾದ್ರೂ ಸ್ವಲ್ಪ ನಿದ್ದೆ ಬರ್ಲಿ."

ಉಳಿದದ್ದು ಯಾರ ಲಾರಿ ಎಂಬ ಪ್ರಶ್ನೆ. ಸಾಗರದ ಸಾಹುಕಾರರು ಹಳೆಯ ವಿಶ್ವಾಸದಿಂದಲೇ ಕರೆದರು. ಲಾರಿ ಹೊಸದು, ಸಂಬಳವೂ ಚೆನ್ನಾಗಿತ್ತು. "ಕೈಗೆ ರೂಢಿ ತಪ್ಪಿರ್ತದೆ ನೋಡು, ಸ್ವಲ್ಪ ದಿನ ಕೆರಿಯಪ್ಪನ ಪಕ್ಕ ಕೂತು ಹೋಗ್ಬಾ" ಎಂದರು. ಆ ಒಂದು ಮಾತಿಗೆ ಹೂವಯ್ಯ ನಮಸ್ಕಾರ ಹಾಕಿ ಎದ್ದ. ನೇರ ತೀರ್ಥಹಳ್ಳಿಯ ಗೋಪಾಲಪ್ಪನವರಲ್ಲಿಗೆ ಹೋಗಿ, ಬಾಗಿಲಿಗೆ ಹಗ್ಗ ಬಿಗಿದಿದ್ದ, ಹ್ಯಾಂಡಲ್ ತಿರುಗಿಸಿ ಬೈದರೆ ಮಾತ್ರ ಎಚ್ಚರಗೊಳ್ಳುತ್ತಿದ್ದ ಮುದಿ ಲಾರಿಯನ್ನು ಒಪ್ಪಿಕೊಂಡು ಬಂದ. ಹೂವಯ್ಯನಿಗೆ ತಲೆ ಕೆಟ್ಟಿತೆಂದು ಹೊಸನಗರವೆಲ್ಲ ಆಡಿಕೊಂಡಿತು. ಅವನ ಲೆಕ್ಕಾಚಾರವೇ ಬೇರೆ. ಗೋಪಾಲಪ್ಪನವರ ಲಾರಿ ಕುಂದಾಪುರದಿಂದ ಹೆಂಚು ಹೇರಿಕೊಂಡು ಬೆಳಿಗ್ಗೆ ಹುಲಿಕಲ್ ಘಾಟಿ ಹತ್ತುತ್ತಿತ್ತು. ಅದೇ ಹೊತ್ತಿಗೆ ಕೆರಿಯಪ್ಪ ಸಾಗರದ ಬೆಲ್ಲ ಹೇರಿಕೊಂಡು ಇಳಿಯುತ್ತಿದ್ದ. ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ಬದಿಗೆ ನಿಂತು ದಾರಿ ಬಿಡಬೇಕು. ಹೊಸ ಲಾರಿಯಿರಲಿ, ಹಿತ್ತಾಳೆ ಗುಂಡಿಯಿರಲಿ, ನಿಲ್ಲಲೇಬೇಕು.

ಕೆರಿಯಪ್ಪ ನಿಂತ. ಹೂವಯ್ಯ ಬೆನ್ನು ನೆಟ್ಟಗೆ ಮಾಡಿ, ಮುಖ ಮುಂದಕ್ಕಿಟ್ಟು, ಓರೆಗಣ್ಣಿನಲ್ಲಿ ಮಾತ್ರ ಆ ಕೋಟನ್ನು ನೋಡುತ್ತ, ಸಾವಕಾಶವಾಗಿ, ಲಾರಿಗೆ ಬೇಕಾದುದಕ್ಕಿಂತಲೂ ಸಾವಕಾಶವಾಗಿ, ಹಾದುಹೋದ. ವಾರಗಟ್ಟಲೆ ಹೀಗೇ ನಡೆಯಿತು. ಊಟದ ಹೊತ್ತಿಗೆ ಅವನ ಎಡಗೈ ಈಗ ತೊಡೆಯ ಮೇಲೆ ಸುಮ್ಮನಿರುತ್ತಿತ್ತು.

ಆ ಸುಖವನ್ನೂ ಕೆರಿಯಪ್ಪನೇ ಕೆಡಿಸಿದ. ಘಾಟಿಯ ಮೇಲಿನ ಚಹಾದಂಗಡಿಯಲ್ಲಿ ಒಮ್ಮೆ ಎದುರಾದಾಗ, ತನ್ನ ಮುಂದಿಟ್ಟ ಲೋಟವನ್ನು ಹೂವಯ್ಯನತ್ತ ಸರಿಸಿ ಹೇಳಿದ: "ಹೂವಣ್ಣ, ನಿಮ್ ಲಾರಿ ಸದ್ದು ಕೇಳಿದ್ ಕೂಡ್ಲೆ ನಾನು ಮೇಲಿನ್ ತಿರುವ್ನಲ್ಲೇ ನಿಲ್ಲಿಸ್ಬಿಡ್ತೀನಿ. ಆ ಮುದಿ ಗಾಡೀಲಿ ನೀವು ಗೇರ್ ಹಾಕೋದನ್ನ ಕೇಳ್ತಾ ಕೂರ್ಬೇಕು ಅನ್ಸತ್ತೆ. ನಂಗೆ ಇವತ್ತಿಗೂ ಹಂಗ್ ಬರಲ್ಲ."

ಹೂವಯ್ಯ ಲೋಟವನ್ನು ಮುಟ್ಟದೆ ಎದ್ದುಹೋದ. ನಿಯಮದ ಬಲದಿಂದ ತಾನು ಕಸಿದುಕೊಂಡೆನೆಂದು ಬೀಗುತ್ತಿದ್ದುದನ್ನು ಇವನು ಪ್ರೀತಿಯಿಂದ ಕೊಡುತ್ತಿದ್ದನೇ! ಲಾರಿ ಹೋಯಿತು, ಕೋಟು ಹೋಯಿತು, ಒಳ್ಳೆಯತನದಲ್ಲೂ ಇವನೇ ಮುಂದೆ. ಅಂದಿನಿಂದ ಹೂವಯ್ಯ ಓರೆಗಣ್ಣನ್ನೂ ಹಾಯಿಸದೆ ಹಾದುಹೋಗತೊಡಗಿದ.

ಒಂದು ಬೆಳಿಗ್ಗೆ ಅದೇ ತಿರುವಿನಲ್ಲಿ ಅದೇ ಲಾರಿ ನಿಂತಿತ್ತು, ಒಳಗೆ ಅಪರಿಚಿತ ಮುಖ. ಹೂವಯ್ಯ ನಡುರಸ್ತೆಯಲ್ಲೇ ಬ್ರೇಕು ಒತ್ತಿ ಕೇಳಿದ: "ಕೆರಿಯಪ್ಪ ಎಲ್ಲಿ?"

"ಬೊಂಬಾಯಿ ಲೈನಿಗೆ ಹಾಕಿದ್ರು. ಇನ್ನು ಈ ಕಡೆ ಬರಲ್ಲ."

ಹೂವಯ್ಯ ಹಾಗೆಯೇ ಕುಳಿತಿದ್ದ. ಎಡಗೈ ಗೇರಿನ ಮೇಲಿತ್ತು, ಅಲುಗಲಿಲ್ಲ. ಆ ಹೊಸ ಡ್ರೈವರು ಬೇಸತ್ತು ಹಾರನ್ ಒತ್ತಿದ: "ದಾರಿ ಬಿಟ್ಟಿದೀನಲ್ಲ, ಹೋಗ್ರಿ ಮಾರಾಯ್ರೆ!"

ಮತ್ಸರಿಗಳನ್ನು ಕಂಡು ನಗುವುದು ಸುಲಭ. ಹೂವಯ್ಯನನ್ನು ನೆನೆದು ನಾವೂ ನಕ್ಕಿದ್ದೇವೆ. ಆದರೆ ಇಂಥವರು ಬದುಕಿನುದ್ದಕ್ಕೂ ಒಬ್ಬನ ಕಣ್ಣೆದುರಿಗಷ್ಟೇ ಘಾಟಿ ಹತ್ತುತ್ತಾರೆ. ಆ ಒಬ್ಬ ಹೊರಟುಹೋದ ಮೇಲೆ ಲೋಕವೆಲ್ಲ ಬದಿಗೆ ಸರಿದು ದಾರಿ ಬಿಟ್ಟರೂ ಅವರಿಗೆ ಹೋಗಲು ಮನಸ್ಸಾಗುವುದಿಲ್ಲ.