ಮೇಸ್ತ್ರಿ ಬಿಟ್ಟ ಬಾಗಿಲು

ಶವಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹಿಡಿದವರು ಇಕ್ಕಟ್ಟಾದ ಹಾದಿಯಲ್ಲಿ, ಹಿಂದಿನವರು ಇನ್ನೂ ಕೋಣೆಯಲ್ಲಿ, ನಡುವೆ ಗೋಡೆಯ ಮೂಲೆ. ಎತ್ತಿ ನೋಡಿದರು, ಓರೆ ಮಾಡಿ ನೋಡಿದರು. ಗಾರೆ ಕೆರೆದು ಉದುರಿತೇ ಹೊರತು ಪೆಟ್ಟಿಗೆ ಸರಿಯಲಿಲ್ಲ. ಕೊನೆಗೆ ಮೇಸ್ತ್ರಿಯನ್ನು ಮತ್ತೆ ಕೋಣೆಯೊಳಕ್ಕೇ ತಂದು ಬೆಂಚುಗಳ ಮೇಲೆ ಇಳಿಸಿದರು.

ತಪ್ಪು ಬಡಗಿಯದು. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಳಗೆ ತಂದಿದ್ದ. ಹೋಗುವಾಗ ಅದರೊಳಗೆ ಮನುಷ್ಯ ಮಲಗಿರುತ್ತಾನೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಈಗ ಅವನೇ ಉಪಾಯ ಹೇಳಿದ: ಎದೆಗೊಂದು ಪಟ್ಟಿ ಬಿಗಿದು, ಬಂದ ಹಾಗೆಯೇ ನಿಲ್ಲಿಸಿಕೊಂಡು ಹೋದರಾಯಿತು.

ಮೇಸ್ತ್ರಿಯ ಹೆಂಡತಿ ಬೆಂಚಿನ ಪಕ್ಕದಲ್ಲಿ ಕೂತಿದ್ದಳು.

“ಸಿಮೆಂಟ್ ಮೂಟೆ ಅಂದ್ಕೊಂಡ್ಯಾ? ಮಲಗಿದಾರೆ. ಮಲಗಿದ ಹಾಗೇ ಹೋಗ್ತಾರೆ.”

ಮೇಸ್ತ್ರಿಯ ಕೈಕೆಳಗೆ ಬಹಳ ಕಾಲ ದುಡಿದ ಗಾರೆಯವನು ಇನ್ನೊಂದು ದಾರಿ ತೋರಿಸಿದ. ಮನೆಯ ನಡುಗೋಡೆ ಒಂಟಿ ಇಟ್ಟಿಗೆಯದು. ಅದನ್ನು ಒಡೆದರೆ ಆ ಕಡೆ ಮೇಸ್ತ್ರಿಯ ತಮ್ಮನ ಭಾಗ, ಅಲ್ಲಿ ಅಗಲವಾದ ಮುಂಬಾಗಿಲು ಇದೆ.

“ಒಡೆಯೋದ್ಯಾಕೆ?” ಅವಳು ನಡುಗೋಡೆಯಲ್ಲಿದ್ದ ಮರದ ಬಾಗಿಲ ಕಡೆ ಕೈ ಮಾಡಿದಳು. “ಕಟ್ಟಿದವರೇ ಬಾಗಿಲು ಬಿಟ್ಟಿದಾರಲ್ಲ.”

ಆ ಬಾಗಿಲು ಎಳೆದರೆ ತೆರೆಯುತ್ತಿತ್ತು, ನಿಜ. ತೆರೆದರೆ ಕಾಣುತ್ತಿದ್ದದ್ದು ತಮ್ಮನ ಕಬ್ಬಿಣದ ಬೀರುವಿನ ಬೆನ್ನು. ಅದರಾಚೆ ಅವನು ಒಬ್ಬನೇ ಇರುತ್ತಿದ್ದ. ಅಣ್ಣ ಸತ್ತ ಸುದ್ದಿ ಮುಟ್ಟಿಸಿದರೂ ಈ ಕಡೆ ಹಣಿಕಿ ನೋಡಿರಲಿಲ್ಲ.

*

ಅಣ್ಣತಮ್ಮಂದಿರು ಇಬ್ಬರೂ ಗಾರೆ ಕೆಲಸದವರೇ. ಹೊಸದಾಗಿ ಕಟ್ಟಿದ ಶಾಲೆಯ ಗೋಡೆ ಬಿರುಕು ಬಿಟ್ಟಾಗ ಗುತ್ತಿಗೆದಾರ ಬಂದು ಅಣ್ಣನನ್ನು ಕೇಳಿದ. ಅಣ್ಣ ನಿಜ ಹೇಳಿದ, ತಮ್ಮ ಸಿಮೆಂಟ್ ಕಡಿಮೆ ಕಲಸಿದ್ದಾನೆ ಎಂದು. ಅದರಡಿ ಮಕ್ಕಳು ಕೂರುತ್ತಾರೆ, ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿ, ಅಂದು ಉಣ್ಣದೆ ಮಲಗಿದ.

ತಮ್ಮನ ಕೆಲಸ ಹೋಯಿತು. ಅಪ್ಪನ ಮನೆಯ ನಡುವೆ ಗೋಡೆ ಏಳಲೇಬೇಕು ಎಂದು ಅವನು ಹಟ ಹಿಡಿದ. ಅಣ್ಣ ಮುಂದಿನ ಭಾಗವನ್ನು ಅವನಿಗೇ ಬಿಟ್ಟುಕೊಟ್ಟು, ಹಿತ್ತಲ ಓಣಿಗೆ ತೆರೆಯುವ ಹಿಂಭಾಗ ಇಟ್ಟುಕೊಂಡು, ತಾನೇ ಕರಣೆ ಹಿಡಿದು ಕಟ್ಟಿದ. ಮುಗಿದ ಮೇಲೆ ನೋಡಿದರೆ ಗೋಡೆಯ ಮಧ್ಯೆ ಒಂದು ಬಾಗಿಲು! ತಮ್ಮ ಕೂಗಾಡಿದ.

“ಗೋಡೆ ಕೇಳಿದೆ, ಕಟ್ಟಿದೆ. ಬಾಗಿಲು ಬೇಡ ಅಂತ ನೀನು ಹೇಳಲೇ ಇಲ್ವಲ್ಲೋ,” ಎಂದ ಮೇಸ್ತ್ರಿ.

ತಮ್ಮ ಅವತ್ತೇ ನಾಲ್ಕು ಜನರನ್ನು ಕರೆದು ಬೀರುವನ್ನು ಅಡ್ಡ ನೂಕಿಸಿದ.

ಆಮೇಲೆ ದಿನಾ ಸಂಜೆ ಮೇಸ್ತ್ರಿ ಆ ಬಾಗಿಲಲ್ಲೇ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಿದ್ದ. ಕರ್ತನೇ, ಆ ಕಡೆ ಇರುವವನು ನನ್ನ ತಮ್ಮ, ಅವನಿಗೆ ಕೆಲಸ ಕೊಡು, ಒಳ್ಳೆಯ ನಿದ್ದೆ ಕೊಡು. ತಮ್ಮ ರೇಡಿಯೋ ಜೋರು ಮಾಡುವನು. ಮೇಸ್ತ್ರಿ ದನಿ ಏರಿಸುವನು. ದೇವರಿಗೂ ರೇಡಿಯೋಗೂ ಜಗಳ ಶುರುವಾಯಿತು ಎಂದು ಬೀದಿಯವರು ನಗುವರು.

ಒಂದು ಸಂಜೆ ರೇಡಿಯೋ ಕೆಟ್ಟಿತ್ತು. ಬೀರುವಿನ ಹಿಂದಿನಿಂದ ತಮ್ಮ ಗದರಿದ: “ಮೆಲ್ಲಗೆ ಹೇಳು. ನಿನ್ನ ದೇವರಿಗೇನು ಕಿವಿ ಕೇಳಲ್ವಾ?”

“ಅವನಿಗೆ ಕೇಳುತ್ತೆ ಕಣೋ. ನಿನಗೂ ಕೇಳಲಿ ಅಂತ.”

ಅಂದು ಮೇಸ್ತ್ರಿ ಎರಡು ತಟ್ಟೆ ಊಟ ಮಾಡಿದ. ಬೈದರೆ ಬೈಯಲಿ, ಬಾಯಿ ಬಿಟ್ಟನಲ್ಲ ಎಂದು ಮತ್ತೆ ಮತ್ತೆ ಹೇಳಿಕೊಂಡ.

*

ಹೊತ್ತು ಏರುತ್ತಿತ್ತು. ಗುಂಡಿ ತೋಡಿದವರು ಕಾಯುತ್ತಿದ್ದಾರೆ ಎಂದು ಹೇಳಿಕಳಿಸಿದರು. ಪಾಸ್ಟರ್ ಅವಳ ಪಕ್ಕ ಬಂದು ಕೂತು ಮೆಲ್ಲಗೆ ತಿಳಿಹೇಳಿದರು: ಶರೀರ ಹೇಗೆ ಹೋದರೇನು, ಆತ್ಮ ಆಗಲೇ ಕರ್ತನ ಬಳಿ ಇದೆ, ಹಟ ಬೇಡ.

“ಇವರು ಪ್ರಾರ್ಥನೆ ಮಾಡುವಾಗ ನೀವೂ ಎಷ್ಟೋ ಸಲ ಇಲ್ಲೇ ಕೂತು ಆಮೆನ್ ಅಂದಿದೀರಿ, ಪಾಸ್ಟರೇ. ಈಗ ವಾಪಸ್ ತಗೋತೀರಾ?”

“ಅವನು ಬೀರು ತೆಗೀದೇ ಇದ್ರೆ ಏನಮ್ಮ ಮಾಡ್ತೀಯ?”

“ಕಾಯ್ತೀನಿ. ಇವತ್ತು ಇವರನ್ನ ನಿಲ್ಲಿಸ್ಕೊಂಡು ಸಾಗಿಸಿಬಿಟ್ರೆ, ಇಷ್ಟು ವರ್ಷ ಇವರು ಬರೀ ಗೋಡೆ ಹತ್ರ ಮಾತಾಡಿದ ಹಾಗಾಗತ್ತೆ. ನಾನು ಒಪ್ಪಲ್ಲ.”

ಅವಳು ಎದ್ದು ಬಾಗಿಲು ಎಳೆದಳು. ಬೀರುವಿನ ಬೆನ್ನಿಗೆ ಎದುರಾಗಿ, ಗಂಡ ಊರುತ್ತಿದ್ದ ಜಾಗದಲ್ಲಿ ಮೊಣಕಾಲೂರಿದಳು. ಮೆಲುದನಿಯ ಹೆಂಗಸು ಎಂದು ಹೆಸರಾದವಳು, ಗಂಡನಿಗಿಂತ ಗಟ್ಟಿಯಾಗಿ ಕೂಗಿ ಹೇಳಿದಳು:

“ಕರ್ತನೇ, ಆ ಕಡೆ ಇರೋನು ನಮ್ಮೋನು. ಅವನು ಬರೋ ತನಕ ನಾವು ಇಲ್ಲೇ ಇರ್ತೀವಿ. ನೀನೂ ಇರು.”

ಆಮೆನ್ ಅನ್ನಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

“ಅತ್ತಿಗೆ.”

ದನಿ ಬೀರುವಿಗೆ ಬಾಯಿಟ್ಟು ಹೇಳಿದಷ್ಟು ಹತ್ತಿರದಿಂದ ಬಂತು.

“ಬೀರು ಭಾರ ಇದೆ. ನನ್ನೊಬ್ಬನ ಕೈಲಿ ಆಗ್ತಿಲ್ಲ.”

ಯಾರೂ ಅಲುಗುವ ಮೊದಲೇ ಅವಳು ಹೆಗಲು ಕೊಟ್ಟಳು. ಆಮೇಲೆ ಗಾರೆಯವನು, ಬಡಗಿ, ಕೊನೆಗೆ ನಿಲುವಂಗಿಯ ತೋಳು ಮಡಚಿ ಪಾಸ್ಟರೂ ಸೇರಿದರು. ಬೀರು ನೆಲ ಕೆರೆಯುತ್ತ ಸರಿಯಿತು.

ಆ ಕಡೆಯ ಕೋಣೆಯನ್ನು ತಮ್ಮ ಗುಡಿಸಿ ಖಾಲಿ ಮಾಡಿದ್ದ. ಮಂಚವನ್ನು ಗೋಡೆಗೆ ನಿಲ್ಲಿಸಿದ್ದ. ಮುಂಬಾಗಿಲಿಗೆ ಕದಗಳೇ ಇರಲಿಲ್ಲ. ಎರಡನ್ನೂ ಕೀಲಿನಿಂದ ಕಳಚಿ ಹೊರಗೆ ಒರಗಿಸಿದ್ದ. ಚೌಕಟ್ಟಿನ ತುಂಬ ಬೀದಿಯ ಬಿಸಿಲು.