ಹುಳಿ ಮೇಡಂ ಮತ್ತು ಅಮ್ಮನ ಮೊಸರು

ಬರಿಗೈಯಲ್ಲಿ ನಡೆಯುವಾಗಲೂ ತುಂಬಿದ ಪಾತ್ರೆಯೊಂದನ್ನು ತುಳುಕದಂತೆ ಹಿಡಿದವರ ಹಾಗೆ, ಮೊಣಕೈಗಳನ್ನು ಮೈಗೆ ಅಂಟಿಸಿಕೊಂಡು, ಸಣ್ಣ ಸಣ್ಣ ಹೆಜ್ಜೆಯಿಡುತ್ತ ಬರುತ್ತಿದ್ದರು ನಮ್ಮ ಹುಳಿ ಮೇಡಂ. ಡೈರಿಯ ಪ್ರಯೋಗಾಲಯದ ಮುಖ್ಯಸ್ಥೆ. ನಾನು ಅವರ ಕೈಕೆಳಗೆ ಕೆಲಸ ಕಲಿತವನು. ಆಮ್ಲದ ಸೀಸೆಗಳ ನಡುವೆ ಆಯುಸ್ಸು ಸವೆಸಿದ್ದರಿಂದ ಬಂದ ಅಡ್ಡಹೆಸರು 'ಹುಳಿ'. ಅವರ ಬಿಳಿ ಕೋಟಿನ ತುಂಬ ಆಮ್ಲ ಸಿಡಿದ ತೂತುಗಳು. ಹೊಸ ಕೋಟು ತರಿಸಿಕೊಟ್ಟರೆ ಅದನ್ನು ನಮ್ಮಲ್ಲೊಬ್ಬರಿಗೆ ದಾಟಿಸಿ, "ಇದ್ರಲ್ಲಿ ಗಾಳಿಯಾದ್ರೂ ಆಡುತ್ತೆ ಕಣೋ" ಎಂದು ಹಳೆಯದನ್ನೇ ತೊಡುತ್ತಿದ್ದರು.

ಮೊಸರಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಕರುಳನ್ನು ಜೀವಂತವಾಗಿ ಸೇರುತ್ತವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಗಾಜಿನ ಬಾಟಲಿಯಲ್ಲಿ ಜಠರದ ಹುಳಿಯನ್ನು ಕಲಸಿ, ಮೈಯಷ್ಟೇ ಬಿಸಿಯಲ್ಲಿಟ್ಟು, ಬ್ಯಾಕ್ಟೀರಿಯಾಗಳನ್ನು ಅದರೊಳಗೆ ಬಿಡುತ್ತಿದ್ದರು. ಅಲ್ಲಿ ಬದುಕಿದವನ್ನು ಜಠರ ದಾಟಿದ ಮೇಲೆ ಕರುಳಿನಲ್ಲಿ ಎದುರಾಗುವ ಪಿತ್ತರಸಕ್ಕೆ ಒಡ್ಡುತ್ತಿದ್ದರು. ಕೊನೆಗೂ ಉಳಿದವು ಗಾಜಿನ ತಟ್ಟೆಯ ಮೇಲೆ ಬಿಳಿ ಚುಕ್ಕೆಗಳಾಗಿ ಬೆಳೆಯುತ್ತಿದ್ದವು. ಯಾವ ಬ್ಯಾಕ್ಟೀರಿಯಾ ತಳಿಯನ್ನು ಯಾರೇ ಹೊಗಳಲಿ, "ಮೊದಲು ಹೊಟ್ಟೆ ದಾಟಲಿ, ಆಮೇಲೆ ಮಾತಾಡೋಣ" ಎಂದುಬಿಡುತ್ತಿದ್ದರು. ಮಗನಿಗೆ ಬಂದ ಸಂಬಂಧದ ವಿಷಯದಲ್ಲೂ ಬಾಯಿತಪ್ಪಿ ಇದೇ ಮಾತು ಬಂದು, ಬೀಗರಾಗಬೇಕಿದ್ದವರು ತಬ್ಬಿಬ್ಬಾದರಂತೆ.

ಅವರ ತಾಯಿ ತೀರಿಕೊಂಡ ವರ್ಷ, ಆಕೆ ಜೀವಮಾನವಿಡೀ ಹೆಪ್ಪಿನಿಂದ ಹೆಪ್ಪಿಗೆ ಕಾಪಾಡಿಕೊಂಡು ಬಂದಿದ್ದ ಮೊಸರಿನಿಂದ ಮೇಡಂ ಒಂದು ತಳಿಯನ್ನು ಬೇರ್ಪಡಿಸಿದರು. ಕರುಳಿಗೆ ಹಿತವಾದ ಹೊಸ ಮೊಸರನ್ನು ಮಾರುಕಟ್ಟೆಗೆ ತರುವ ಸನ್ನಾಹದಲ್ಲಿತ್ತು ಡೈರಿ; ಅದಕ್ಕಾಗಿ ಈ ತಳಿಯನ್ನೂ ಪರೀಕ್ಷೆಗಿಟ್ಟರು. ಜಠರದ ಹುಳಿಯನ್ನು ಅಮ್ಮನ ತಳಿ ಲೀಲಾಜಾಲವಾಗಿ ದಾಟಿತು. ಅಂದು ಮೇಡಂ ನಮಗೆಲ್ಲ ಚಹಾ ತರಿಸಿದರು. ಪಿತ್ತರಸದ ತಟ್ಟೆ ತೆರೆದಾಗ ಮಾತ್ರ, ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಬರೀ ಬಯಲು. ಹೊಸದಾಗಿ ಪಿತ್ತರಸ ಕಲಸಿ ನೋಡಿದರು; ಮತ್ತೆ ಅದೇ. ಪಕ್ಕದ ತಟ್ಟೆಯಲ್ಲಿ, ಹೊರಗಿನಿಂದ ತರಿಸಿದ, ಮೇಡಂ "ಸಪ್ಪೆ ಮೂತಿಯದು" ಎಂದು ಹೀಗಳೆಯುತ್ತಿದ್ದ ತಳಿ ಸೊಂಪಾಗಿ ಬೆಳೆದು ಕೂತಿತ್ತು.

ಡೈರಿಯ ನಿರ್ದೇಶಕರು ಕೆಟ್ಟವರಲ್ಲ, ಆ ತಾಯಿಯ ಕೈಯ ಮೊಸರುಂಡವರು. "ಹೊಟ್ಟೆಯನ್ನಂತೂ ದಾಟಿತಲ್ಲ ಮೇಡಂ, ಇದನ್ನೇ ಹಾಕಿ ಡಬ್ಬಿಯ ಮೇಲೆ ಅಷ್ಟನ್ನೇ ಹೇಳೋಣ. ಅಮ್ಮನ ನೆನಪೂ ಉಳಿಯುತ್ತೆ. ಪಿತ್ತದ ಮಾತು ಯಾರು ಕೇಳ್ತಾರೆ?" ಎಂದರು.

ಮೇಡಂ ತಟ್ಟೆಯ ಮುಚ್ಚಳ ಮುಚ್ಚಿದರು. "ತಿಂದವರ ಕರುಳು ಕೇಳುತ್ತೆ ಸರ್" ಎಂದು ಸಪ್ಪೆ ಮೂತಿಯದಕ್ಕೇ ಒಪ್ಪಿಗೆ ಕೊಟ್ಟರು.

ಆಮೇಲೆ ನಲ್ಲಿಯ ಬಳಿ ನಿಂತು, ಬೇಡವೆಂದರೂ ಕೇಳದೆ, ಗಾಜಿನ ನಳಿಗೆಗಳನ್ನು ತಾವೇ ತೊಳೆಯತೊಡಗಿದರು. ನಾನು ಹತ್ತಿರ ಹೋದಾಗ ತಿರುಗದೆಯೇ ಅಂದರು: "ಅಮ್ಮ ಇದ್ದಿದ್ರೆ ಬೈತಿದ್ಲು ಕಣೋ, ನನ್ನ ಮೊಸರನ್ನೇ ಫೇಲ್ ಮಾಡಿದ್ಯೇನೇ ಅಂತ." ಆಗಲೇ ತೊಳೆದಿಟ್ಟಿದ್ದ ನಳಿಗೆಯನ್ನೇ ಎತ್ತಿಕೊಂಡು ಮತ್ತೆ ತೊಳೆದರು.

ಅಮ್ಮನ ತಳಿಯನ್ನು ಅವರು ಎಸೆಯಲಿಲ್ಲ. ಮನೆಯಲ್ಲಿ ಅದರಿಂದಲೇ ಹೆಪ್ಪು ಹಾಕುತ್ತ, ನಿವೃತ್ತರಾಗುವವರೆಗೂ ಮಧ್ಯಾಹ್ನದ ಊಟಕ್ಕೆ ನಮಗೆಲ್ಲ ಆ ಮೊಸರನ್ನು ತಂದು ಬಡಿಸುತ್ತಿದ್ದರು. "ಔಷಧಿ ಅಂತ ತಿನ್ಬೇಡಿ, ರುಚಿಗೆ ತಿನ್ನಿ." ಚಮಚ ನೆಟ್ಟರೆ ನಿಲ್ಲುವಂಥ ಆ ಮೊಸರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಇಂಥವರ ಪ್ರೀತಿಯ ಬಗೆಯೇ ಬೇರೆ. ತನ್ನದೆಂಬ ಕಾರಣಕ್ಕೆ ಅದು ಎಳ್ಳಷ್ಟೂ ರಿಯಾಯಿತಿ ತೋರದು. ಸೋತಿತೆಂಬ ಕಾರಣಕ್ಕೆ ಕೈಬಿಡುವುದೂ ಇಲ್ಲ. ಅವರೊಡನೆ ಬಾಳುವುದು ಮನೆಮಂದಿಗೆ ಒಮ್ಮೊಮ್ಮೆ ಕಷ್ಟವೇ ಆಗಿದ್ದೀತು. ಆದರೆ ಅಪರೂಪಕ್ಕೆ ಅವರು "ಚೆನ್ನಾಗಿದೆ" ಎಂದ ದಿನ, ನಾವು ಆ ಒಂದು ಮಾತನ್ನು ಜೋಪಾನವಾಗಿ ಮನೆಗೊಯ್ದು ಹೆಂಡತಿ ಮಕ್ಕಳ ಮುಂದೆ ಹೇಳಿಕೊಳ್ಳುತ್ತಿದ್ದೆವು.