ಗೋಡೆಗೆಲ್ಲ ಒಂದೇ ಬಣ್ಣ

ಹೆಂಡತಿ ತೀರಿಕೊಂಡ ನಾಲ್ಕು ತಿಂಗಳಲ್ಲಿ ಎಕ್ಸ್‌ರೇ ತೆಗೆಯುವವನು ಕಲಿತದ್ದು ಒಂದೇ, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ. ಆಸ್ಪತ್ರೆಯವರು ಬೇಡವೆಂದು ಹೊರಗಿಟ್ಟ ಮುದಿ ಕಂಪ್ಯೂಟರ್ ಅದು. ಅದರಲ್ಲಿ ಏದುಸಿರು ಬಿಡದೆ ಓಡುತ್ತಿದ್ದುದು ಈ ಪುಕ್ಕಟೆ ಆಟವೊಂದೇ. ಅದೂ ಚಿತ್ರದ ಅಂದಚೆಂದವನ್ನೆಲ್ಲ ಕಳಚಿಹಾಕಿದರೆ. ಆಗ ನೆರಳಿಲ್ಲ, ಬೆಂಕಿಗೆ ಹೊಳಪಿಲ್ಲ, ಗೋಡೆಗೆಲ್ಲ ಒಂದೇ ಬೂದುಬಣ್ಣ. ಅವನಿಗೆ ಅಷ್ಟು ಸಾಕಿತ್ತು. ಮುಚ್ಚಿದ ಅಖಾಡ, ಏಳೆಂಟು ಜನ, ಹತ್ತು ನಿಮಿಷ. ಅವರಲ್ಲಿ ಮನುಷ್ಯರೆಷ್ಟು, ಕಂಪ್ಯೂಟರೇ ಆಡಿಸುವ ಗೊಂಬೆಗಳೆಷ್ಟು ಎಂದು ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಖುಷಿಯೇನೂ ಇರಲಿಲ್ಲ. ಹೊತ್ತು ಹೋಗುತ್ತಿತ್ತು.

ಆ ಶನಿವಾರ ಮಧ್ಯಾಹ್ನ ನಾದಿನಿ ಖಾಲಿ ಚೀಲಗಳನ್ನು ಹಿಡಿದು ಬಂದಳು.

"ಭಾವ, ಇವತ್ತಾದ್ರೂ ಅಕ್ಕನ ಕಪಾಟು ತೆಗೀತೀರಾ?"

"ಈ ಸುತ್ತು ಮುಗೀಲಿ."

"ಹೋದ ಸಲಾನೂ ಇದೇ ಮಾತು. ಐದು ಸುತ್ತು ಕಾದು ಎದ್ದು ಹೋದೆ."

ಅವನು ತಿರುಗಲಿಲ್ಲ. ಅವಳೇ ಒಳಗೆ ಹೋದಳು. ಹ್ಯಾಂಗರುಗಳು ಸರಿಯುವ ಸದ್ದು ಕೇಳಿಸಿತು. ಅವನು ಹೆಡ್‌ಫೋನಿನ ದನಿ ಏರಿಸಿದ. ಕೈ ತಾನಾಗಿ ಗುರಿ ಹಿಡಿಯುತ್ತಿತ್ತು. ಪರದೆಯ ಕೆಳಗೆ ಯಾರೋ 'ಭಲೇ' ಎಂದು ಬರೆದರು. ಹಾಗಾದರೆ ಬರೆದವನು ಮನುಷ್ಯನೇ ಇರಬೇಕು ಅಂದುಕೊಂಡ.

ನಾದಿನಿ ಭುಜ ಮುಟ್ಟಿದಳು. ಅವನು ಹೆಡ್‌ಫೋನನ್ನು ಕತ್ತಿಗಿಳಿಸಿದ. ಕೈಯಲ್ಲಿ ಹಸಿರು ಸ್ವೆಟರ್, ಮೊಣಕೈಗೆ ಕಪ್ಪು ದಾರದ ಹೊಲಿಗೆ. "ಇದನ್ನ ಇಟ್ಕೋತೀರಾ?"

ಅವನು ಸ್ವೆಟರನ್ನೇ ನೋಡಿದ. ಆ ಹೊಲಿಗೆ ಹಾಕುವಾಗ ಹೆಂಡತಿ ಸೂಜಿ ಚುಚ್ಚಿಸಿಕೊಂಡದ್ದು ನೆನಪಿತ್ತು. ರೋಗಿಗಳಿಗೆ ಹೇಳುವ ಹಾಗೆ ತಾನೇ ಉಸಿರು ಬಿಗಿಹಿಡಿದು ಕಾದ. ಎದೆಯೊಳಗೆ ಏನೂ ಅಲುಗಲಿಲ್ಲ. ಪರದೆಯಲ್ಲಿ ಸುಮ್ಮನೆ ನಿಂತಿದ್ದ ಅವನನ್ನು ಯಾರೋ ಹೊಡೆದರು, ಮತ್ತೆ ಎದ್ದಾಗ ಮತ್ತೆ ಹೊಡೆದರು.

"ತಗೊಂಡು ಹೋಗು."

"ಸರಿಯಾಗಿ ನೋಡಿ ಹೇಳಿ."

"ನೋಡೇ ಹೇಳ್ತಿದೀನಿ. ನನಗೇನೂ ಅನ್ನಿಸ್ತಾನೇ ಇಲ್ಲಮ್ಮ."

ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸ್ಟೂಲಿನಲ್ಲಿ ಕುಳಿತಳು.

"ನನಗೂ ಅಷ್ಟೇ ಭಾವ. ಅವತ್ತಿಂದ ಒಂದು ಹನಿ ಕಣ್ಣೀರು ಬಂದಿಲ್ಲ. ಅಮ್ಮ ನನ್ನನ್ನ ಕಲ್ಲು ಅಂತಾಳೆ."

ಅವನು ಹೆಡ್‌ಫೋನ್ ತೆಗೆದು ಅವಳ ಕಡೆ ಚಾಚಿದ. ಮೌಸ್ ಬಿಟ್ಟುಕೊಟ್ಟ. ಆಟದೊಳಗೆ ಅವಳು ಗೋಡೆಗೆ ಮುಖ ಕೊಟ್ಟು ಓಡಿದಳು, ಮೂರು ಸಲ ಹೊಂಡಕ್ಕೆ ಬಿದ್ದಳು. ಇಬ್ಬರೂ ನಗಲಿಲ್ಲ. "ಎಡಕ್ಕೆ, ಎಡಕ್ಕೆ," ಅಂತಷ್ಟೇ ಅವನು ಹೇಳುತ್ತಿದ್ದ.

ಸುತ್ತು ಮುಗಿದ ಮೇಲೆ ಕಪಾಟಿನ ಬಟ್ಟೆ ತುಂಬಿದ ಚೀಲಗಳನ್ನು ತಲಾ ಎರಡರಂತೆ ಹಿಡಿದು ಇಬ್ಬರೂ ಮೆಟ್ಟಿಲಿಳಿದರು.